ಬೆಟ್ಟ ನೋಡೋ ಮನೆ, ಬೆಟ್ಟಕ್ಕೆ ಕಾಣದ ಮನೆ

ಆದಿಚುಂಚನಗಿರಿಗೆ ಹೋದವರಲ್ಲಿ ಹೆಚ್ಚಿನವರು ಕಾಲಭೈರವೇಶ್ವರನ ದರ್ಶನ ಮಾಡಿ, ದಾಸೋಹದಲ್ಲಿ ಊಟ ಮುಗಿಸಿ ವಾಪಸ್ ಹೊರಟುಬಿಡುತ್ತಾರೆ. ಮುಂದಿನ ಸಲ ಹೋದಾಗ ಸ್ವಲ್ಪ ಪುರುಸೊತ್ತು ಮಾಡ್ಕೊಂಡು ಬೆಟ್ಟ ಹತ್ತಿ. ಬಿಸಿಲೇರುವ ಮುಂಚೆ ಹೋದರೆ ಒಳ್ಳೇದು. ಮೇಲಿನ ಬಂಡೆಯ ಮೇಲೆ ನಿಂತರೆ ನಾಗಮಂಗಲ ಸೀಮೆ ಪೂರ್ತಿ ಕಾಲಡಿಗೆ ಹರಡಿಕೊಳ್ಳುತ್ತದೆ. ಕೆಂಪು ಮಣ್ಣಿನ ಹೊಲ, ರಾಗಿ ಪೈರು, ಚೌಕ ಚೌಕವಾಗಿ ತೆಂಗಿನ ತೋಟ, ಅಲ್ಲಲ್ಲಿ ಹೊಳೆಯುವ ಕೆರೆ, ನಡುವೆ ಒಂದಕ್ಕೊಂದು ಒತ್ತಿಕೊಂಡು ಕೂತ ಹೆಂಚಿನ ಮನೆಗಳ ಊರು.

ಆದರೆ ಮೊದಲು ಕಣ್ಣಿಗೆ ಬೀಳೋದು ಇದ್ಯಾವುದೂ ಅಲ್ಲ. ಹೊಲದ ನಡುವೆ ಒಂಟಿಯಾಗಿ ಎದ್ದ, ಸುಣ್ಣದ ಡಬ್ಬಿಯಂಥ ಬಿಳಿ ಮನೆ. ಅದರಾಚೆ ನೀಲಿ ಶೀಟು ಹೊದ್ದ ಇನ್ನೊಂದು. ನೂರು ಹೆಂಚಿನ ಮನೆಗಳ ಊರು ಮಣ್ಣಿನ ಬಣ್ಣದಲ್ಲಿ ಬೆರೆತು ಮರೆಯಾಗಿರುವಾಗ, ಒಂದೇ ಒಂದು ಬಿಳಿ ಮನೆ ಮೈಲಿ ದೂರದಿಂದಲೂ ಕಣ್ಣು ಕುಕ್ಕುತ್ತದೆ.

ಇಂಥ ಮನೆಗಳು ಇನ್ನು ಮುಂದೆ ಹೆಚ್ಚುತ್ತವೆ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 110 ಕಿ.ಮೀ. ಮಂಗಳೂರು ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸ್‌ವರೆಗೆ ಬಂದರೆ ಬೆಟ್ಟ ಹತ್ತಿರವೇ. ಬೆಂಗಳೂರು–ಹಾಸನ ಮಾರ್ಗದಲ್ಲಿ ಬಿ.ಜಿ. ನಗರ ರೈಲು ನಿಲ್ದಾಣವೂ ಇದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ವಾರಪೂರ್ತಿ ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಶನಿವಾರ, ಭಾನುವಾರ ಒಂದಿಷ್ಟು ಹಸಿರು, ಒಂದಿಷ್ಟು ಮೌನ ಬೇಕು ಅನ್ನಿಸೋದರಲ್ಲಿ ತಪ್ಪೇನೂ ಇಲ್ಲ. ನನ್ನ ಗೆಳೆಯ ಮತ್ತು ಅವನ ಹೆಂಡತಿ ಈ ಕಡೆ ಒಂದೂವರೆ ಎಕರೆ ಕೊಂಡಿದ್ದು ಅದಕ್ಕೇ. ಮನೆಯ ಪ್ಲಾನ್ ಮಾಡೋಕೆ ಅವರ ಜೊತೆ ನಾನೂ ನಾಲ್ಕೈದು ಸಲ ಓಡಾಡಿದೆ. ಆ ಓಡಾಟದಲ್ಲಿ ಕಂಡಿದ್ದು, ಕಲಿತಿದ್ದು ಇಲ್ಲಿದೆ.

ನವಿಲಿಗೆ ಗಡಿ ಗೊತ್ತಿಲ್ಲ

ಆದಿಚುಂಚನಗಿರಿ ಬರೀ ಕ್ಷೇತ್ರ ಅಲ್ಲ, ನವಿಲುಧಾಮ ಕೂಡ. 1981ರಲ್ಲಿ ಇದನ್ನು ವನ್ಯಜೀವಿಧಾಮ ಎಂದು ಘೋಷಿಸಲಾಯಿತು. ವಿಸ್ತೀರ್ಣ ಎಷ್ಟು ಗೊತ್ತೇ? 0.88 ಚದರ ಕಿ.ಮೀ. ಅಂದರೆ ಸುಮಾರು 217 ಎಕರೆ ಅಷ್ಟೇ. ನಮ್ಮ ಕೆಲವು ಟೆಕ್ ಪಾರ್ಕ್‌ಗಳು ಇದಕ್ಕಿಂತ ಹೆಚ್ಚು ಜಾಗದಲ್ಲಿವೆ. ಇದೇ ಮಂಡ್ಯ ಜಿಲ್ಲೆಯಲ್ಲಿ, ತೋಳಗಳಿಗಾಗಿ 1974ರಲ್ಲಿ ಮಾಡಿದ ಮೇಲುಕೋಟೆ ವನ್ಯಜೀವಿಧಾಮ 49.82 ಚದರ ಕಿ.ಮೀ. ಇದೆ. ಅದರ ಮುಂದೆ ಇದು ಅಂಗೈಯಗಲದ ಜಾಗ.

ಇಷ್ಟು ಚಿಕ್ಕ ಜಾಗದಲ್ಲಿ ನವಿಲು ಬದುಕೋದು ಹೇಗೆ? ಉತ್ತರ ಸರಳ. ಅದು ಧಾಮದೊಳಗೆ ಮಾತ್ರ ಬದುಕುತ್ತಿಲ್ಲ. ರಾತ್ರಿ ಎತ್ತರದ ಮರದ ಮೇಲೆ ಮಲಗುತ್ತದೆ. ಬೆಳಗಾದರೆ ಕೆಳಗಿಳಿದು ಹೊಲ, ತೋಟ, ಬದು, ಬೇಲಿಸಾಲಿನಲ್ಲಿ ಮೇಯುತ್ತದೆ. ಕಾಳು, ಹುಳು, ಓತಿಕ್ಯಾತ, ಸಣ್ಣ ಹಾವು ಎಲ್ಲವೂ ಅದರ ಊಟ. ಮಳೆಗಾಲದಲ್ಲಿ ಹೆಣ್ಣು ನವಿಲು ಪೊದೆಯ ಮರೆಯಲ್ಲಿ ನೆಲವನ್ನೇ ಕೆದಕಿ ನಾಲ್ಕರಿಂದ ಆರು ಮೊಟ್ಟೆ ಇಟ್ಟು, ಸುಮಾರು 28 ದಿನ ಕಾವು ಕೊಡುತ್ತದೆ. ಆ ಪೊದೆ ಅರಣ್ಯ ಇಲಾಖೆಯ ಜಾಗದಲ್ಲೇ ಇರಬೇಕು ಅಂತೇನಿಲ್ಲ. ಯಾರದ್ದೋ ಹೊಲದ ಮೂಲೆಯಲ್ಲೂ ಇರಬಹುದು. ನೀವು ಕೊಂಡ ಒಂದೂವರೆ ಎಕರೆಯಲ್ಲೂ ಇರಬಹುದು.

ಅಂದಮೇಲೆ ಇಲ್ಲಿ ಮನೆ ಕಟ್ಟುವವರ ಕೈಯಲ್ಲಿ ಆ ಧಾಮದ ಒಂದು ಪಾಲು ಇದೆ. ನಕ್ಷೆಯ ಗೆರೆಯೊಳಗೆ ಏನೂ ಕೆಡದಿದ್ದರೂ, ಗೆರೆಯಾಚೆಯ ಹೊಲಗಳೆಲ್ಲ ಕಾಂಪೌಂಡು, ಲಾನು, ಫ್ಲಡ್‌ಲೈಟು ಆಗಿಬಿಟ್ಟರೆ ನವಿಲಿಗೆ ಆ 217 ಎಕರೆ ಒಂದು ಪಂಜರ ಇದ್ದ ಹಾಗೆ.

ಕಾಗದ ಮೊದಲು, ಪ್ಲಾನ್ ಆಮೇಲೆ

ಬೇಸರ ಆದರೂ ಇದನ್ನ ಓದಿ. ಸಂರಕ್ಷಿತ ಪ್ರದೇಶಗಳ ಸುತ್ತ ಪರಿಸರ ಸೂಕ್ಷ್ಮ ವಲಯ ಇರುತ್ತದೆ. ಇದಕ್ಕಾಗಿ ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಮಾರ್ಗಸೂಚಿ ಹೊರಡಿಸಿತು. 2022ರ ಜೂನ್ 3ರಂದು ಸುಪ್ರೀಂ ಕೋರ್ಟ್ ಎಲ್ಲ ಕಡೆಯೂ ಕನಿಷ್ಠ ಒಂದು ಕಿ.ಮೀ. ವಲಯ ಇರಬೇಕೆಂದು ಆದೇಶಿಸಿತ್ತು. 2023ರ ಏಪ್ರಿಲ್ 26ರಂದು ಅದನ್ನು ಮಾರ್ಪಡಿಸಿತು. ಒಂದೇ ಅಳತೆ ಎಲ್ಲ ಕಡೆ ಒಗ್ಗುವುದಿಲ್ಲ ಅನ್ನೋದು ಕಾರಣ.

ಮಾರ್ಗಸೂಚಿಯಲ್ಲಿ ಚಟುವಟಿಕೆಗಳಿಗೆ ಮೂರು ಪಟ್ಟಿ ಇದೆ: ನಿಷೇಧಿಸಬೇಕಾದ್ದು, ನಿಯಂತ್ರಿಸಬೇಕಾದ್ದು, ಉತ್ತೇಜಿಸಬೇಕಾದ್ದು. ಮಳೆನೀರು ಸಂಗ್ರಹ, ಸಾವಯವ ಕೃಷಿ ಇವೆಲ್ಲ ಮೂರನೇ ಪಟ್ಟಿಯಲ್ಲಿವೆ. ಒಳ್ಳೆಯ ಹಳ್ಳಿಮನೆಯಲ್ಲಿ ಏನಿರಬೇಕೋ ಅದನ್ನೇ ಸರ್ಕಾರವೂ ಬೇಕು ಅನ್ನುತ್ತಿದೆ ಅಂತಾಯಿತು. ನಿಮ್ಮ ಸರ್ವೆ ನಂಬರ್ ಹಿಡಿದು ಅರಣ್ಯ ಇಲಾಖೆಯ ವಲಯ ಕಚೇರಿಗೂ ಗ್ರಾಮ ಪಂಚಾಯಿತಿಗೂ ಹೋಗಿ, ಅಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅಂತ ಬರಹದಲ್ಲಿ ತಗೊಳ್ಳಿ. ಆರ್ಕಿಟೆಕ್ಟ್‌ಗೆ ಅಡ್ವಾನ್ಸ್ ಕೊಡೋದು ಆಮೇಲೆ.

ಇನ್ನೊಂದು, ಭೂ ಪರಿವರ್ತನೆ. ಕೃಷಿ ಜಮೀನಿನಲ್ಲಿ ಸ್ವಂತ ಬಳಕೆಗೆ ತೋಟದ ಮನೆ ಕಟ್ಟಿಕೊಳ್ಳಲು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಅದು ಹಿಡುವಳಿಯ ಶೇ 10 ಮೀರಬಾರದು. ಒಂದೂವರೆ ಎಕರೆ ಅಂದರೆ 60 ಗುಂಟೆ, ಅದರಲ್ಲಿ 6 ಗುಂಟೆ. ಉಳಿದದ್ದು ಹೊಲವಾಗೇ ಇರಬೇಕು. ಹೋಮ್‌ಸ್ಟೇ, ರೆಸಾರ್ಟ್ ಆಸೆ ಇದ್ದರೆ ಅದರ ದಾರಿಯೇ ಬೇರೆ.

ಸ್ಮಾರಕಗಳ ಹತ್ತಿರ ಜಮೀನು ನೋಡುತ್ತಿದ್ದರೆ ಮತ್ತೊಂದು ಕಾನೂನು ಬರುತ್ತದೆ. ಇದೇ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕೂಡದು. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು.

"ಬೆಟ್ಟದ ಮ್ಯಾಲಿರೋರು ಏನ್ ನೋಡ್ಬೇಕು?"

ಗೆಳೆಯನ ಜಮೀನಿನಲ್ಲಿ ಒಂದು ಕಲ್ಲುದಿಣ್ಣೆ ಇದೆ. ಅಲ್ಲಿ ನಿಂತರೆ ಬೆಟ್ಟ ನೆಟ್ಟಗೆ ಎದುರಿಗೆ. ಮೊದಲ ಪ್ಲಾನ್ ಬಂದಿದ್ದೂ ಅಲ್ಲಿಗೇ. ಎರಡು ಅಂತಸ್ತು, ಬೆಟ್ಟದ ಕಡೆ ಇಡೀ ಗೋಡೆ ಗಾಜು, ಮೇಲೆ ತಾರಸಿ. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ನೋಡೋಕೆ ಬಲು ಚೆಂದ ಇತ್ತು.

ಅದನ್ನು ಮೊಬೈಲಿನಲ್ಲಿ ಪಕ್ಕದ ಹೊಲದ ತಾತನಿಗೆ ತೋರಿಸಿದ. ತಾತ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ಹೇಳಿದ್ದು ಇಷ್ಟು: "ನೀನೇನೋ ಬೆಟ್ಟ ನೋಡಕ್ಕೆ ಅಂತ ಮನೆ ಕಟ್ತೀಯ, ಸರಿ ಬುಡು ಕಣಪ್ಪ. ಬೆಟ್ಟದ ಮ್ಯಾಲಿರೋರು ಏನ್ ನೋಡ್ಬೇಕು? ನಿನ್ ಮನೇನಾ?"

ನಾವು ನಕ್ಕೆವು. ತಾತ ನಗಲಿಲ್ಲ. "ದಿಣ್ಣೆ ಮ್ಯಾಲೆ ಯಾರೂ ಮನೆ ಕಟ್ಟಕಿಲ್ಲ ಕಣಪ್ಪ. ಗಾಳಿ ವೊಡೀತದೆ, ನೀರ್ ನಿಲ್ಲಕಿಲ್ಲ" ಅಂದರು.

ಮಾತು ಸಣ್ಣದು, ಅದರ ಹಿಂದಿನ ಲೆಕ್ಕ ದೊಡ್ಡದು. ಈ ಸೀಮೆಯ ಹಳೆಯ ಊರುಗಳನ್ನು ಗಮನಿಸಿ. ಮನೆಗಳು ಹೊಲದ ತುಂಬ ಚೆಲ್ಲಾಪಿಲ್ಲಿಯಾಗಿಲ್ಲ. ಎಲ್ಲವೂ ಗ್ರಾಮಠಾಣಾದೊಳಗೆ ಗೋಡೆಗೆ ಗೋಡೆ ತಾಗಿಸಿ ಕೂತಿವೆ. ಸುತ್ತಲಿನ ಒಳ್ಳೆ ಮಣ್ಣು ಉಳುಮೆಗೆ, ದಿಣ್ಣೆ ದನ ಮೇಯೋಕೆ, ತಗ್ಗು ಕೆರೆಗೆ. ನೋಟಕ್ಕೆಂದು ಯಾರೂ ಮನೆ ಕಟ್ಟಲಿಲ್ಲ. ಅದಕ್ಕೇ ಇವತ್ತಿಗೂ ಇಲ್ಲಿ ನೋಡೋಕೆ ಒಂದು ನೋಟ ಉಳಿದಿದೆ.

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ ಹಳ್ಳಿಯಿಂದ ದೂರ, ಬಯಲಿನಲ್ಲಿ ಒಂಟಿ ಹೊಸಮನೆ ಕಟ್ಟಲು ಸಾಮಾನ್ಯವಾಗಿ ಬಿಡುವುದಿಲ್ಲ. 1997ರಲ್ಲಿ ಅಲ್ಲಿ ಒಂದು ವಿನಾಯಿತಿ ತಂದರು. ವಿನ್ಯಾಸ ಅಸಾಧಾರಣವಾಗಿದ್ದು, ಸುತ್ತಲಿನ ಪರಿಸರವನ್ನು ಇನ್ನಷ್ಟು ಚೆನ್ನಾಗಿಸುವಂತಿದ್ದರೆ ಮಾತ್ರ ಅನುಮತಿ. ಪದಗಳು ಸ್ವಲ್ಪ ಬದಲಾದರೂ ಆ ನಿಯಮ ಇವತ್ತಿಗೂ ಇದೆ. ನಮ್ಮಲ್ಲಿ ಅಷ್ಟು ಬಿಗಿ ಇಲ್ಲ. ಆದರೆ "ನನ್ನ ಮನೆ ಬಂದಮೇಲೆ ಈ ಜಾಗ ಮೊದಲಿಗಿಂತ ಚೆನ್ನಾಗಿರುತ್ತಾ?" ಅನ್ನೋ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬಹುದು.

ಮನೆ ದಿಣ್ಣೆಯಿಂದ ಇಳಿಯಿತು. ಈಗ ಅದರ ಜಾಗ ಕೆಳಗೆ, ರಸ್ತೆಗೆ ಹತ್ತಿರದ ಹುಣಸೆಮರದ ಬದಿ. ಕರೆಂಟ್ ಕಂಬ ಅಲ್ಲೇ ಇದೆ, ಹೊಲದ ನಡುವೆ ರಸ್ತೆ ಕಡಿಯೋದು ತಪ್ಪಿತು. ಮರದ ಎತ್ತರಕ್ಕಿಂತ ಮನೆ ಮೇಲೇಳುವುದಿಲ್ಲ. ನೆಲ ಇಳಿಜಾರಾಗಿದೆ ಅಂತ ಜೆಸಿಬಿ ತರಿಸಿ ಮಟ್ಟ ಮಾಡುತ್ತಿಲ್ಲ. ಮನೆಯೇ ಎರಡು ಮೆಟ್ಟಿಲು ಇಳಿಯುತ್ತದೆ.

ಒಳಗೆ ಆಕಾಶ

ಹಾಗಾದರೆ ನೋಟ? ಹೆಂಡತಿಯ ಮುಖ ಸಪ್ಪಗಾಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ಊರೊಳಗಿನ ಹಳೆಯ ತೊಟ್ಟಿಮನೆಯಲ್ಲಿ. ಹೊರಗಿನಿಂದ ನೋಡಿದರೆ ಒಂದು ಜಗಲಿ, ದಪ್ಪ ಮಣ್ಣುಗೋಡೆ, ಸಣ್ಣ ಕಿಟಕಿ, ಅಷ್ಟೆ. ಒಳಗೆ ಕಾಲಿಟ್ಟರೆ ನಡುಮನೆಯಲ್ಲಿ ತೊಟ್ಟಿ, ಅದರ ಮೇಲೆ ಚೌಕ ಆಕಾಶ. ಬೆಳಕು, ಗಾಳಿ, ಮಳೆ ಎಲ್ಲವೂ ಅಲ್ಲಿಂದಲೇ. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ತಂಪು ಗಾಳಿ ಜಗಲಿ ಕಡೆಯಿಂದ ಒಳಬರುತ್ತದೆ. ಎಸಿಯ ನೆನಪೇ ಆಗುವುದಿಲ್ಲ. ಈ ಮನೆ ಹೊರಗಿನ ನೋಟವನ್ನು ಬಾಚಿಕೊಳ್ಳಲು ಹೋಗುವುದಿಲ್ಲ, ತನ್ನ ಆಕಾಶವನ್ನು ತಾನೇ ಇಟ್ಟುಕೊಂಡಿದೆ. ಬೆಟ್ಟ ನೋಡಬೇಕೆನಿಸಿದರೆ ಜಗಲಿಗೆ ಬಂದು ಕೂತರಾಯಿತು.

ಗೆಳೆಯನ ಪ್ಲಾನಿನಲ್ಲಿ ಈಗ ಸಣ್ಣ ತೊಟ್ಟಿ ಇದೆ. ಸುತ್ತ ಮೂರು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು. ಬೆಟ್ಟದ ಕಡೆ ಉದ್ದ ಜಗಲಿ. ಒಟ್ಟು 1,200 ಚದರ ಅಡಿ ಚಾವಣಿ, ಒಂದೇ ಅಂತಸ್ತು.

ಗಾಜಿನ ಗೋಡೆ ಬಿಟ್ಟಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಜೋಡಿ ಹುಡುಕುವ ಕಾಲದಲ್ಲಿ ಗಂಡುನವಿಲು ಗಾಜಿನಲ್ಲಿ ತನ್ನ ಬಿಂಬ ಕಂಡರೆ ಬೇರೆ ಗಂಡು ಬಂದಿದೆ ಅಂದುಕೊಂಡು ಕುಕ್ಕುತ್ತದೆ, ಒದೆಯುತ್ತದೆ. ಮಿರಮಿರ ಮಿಂಚುವ ಕಾರಿನ ಮೇಲೂ ಎಗರುತ್ತದೆ. ಸಣ್ಣ ಹಕ್ಕಿಗಳಿಗಂತೂ ಗಾಜಿನಲ್ಲಿ ಕಾಣುವ ಆಕಾಶ ನಿಜವಾದ ಆಕಾಶವೇ. ಹಾರಿ ಬಂದು ಡಿಕ್ಕಿ ಹೊಡೆದು ಸಾಯುತ್ತವೆ. ಹೊರಚಾಚಿದ ಸೂರು, ಮರದ ಬಾಗಿಲಿನ ಕಿಟಕಿ, ಜಾಲಿ ಇದ್ದರೆ ಈ ಕಷ್ಟ ಇಲ್ಲ.

ಹೊಂಡದ ಮಣ್ಣೇ ಗೋಡೆ

ಇಲ್ಲಿನ ಮನೆ ಇಲ್ಲಿನ ಬಣ್ಣದಲ್ಲಿರಬೇಕು ಅಂದರೆ ಸುಲಭದ ದಾರಿ ಒಂದೇ. ಇಲ್ಲಿನ ಮಣ್ಣಿನಲ್ಲೇ ಕಟ್ಟೋದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯ ಮೇಲೆ ಅಲ್ಲಿ ವರ್ಷಗಟ್ಟಲೆ ಕೆಲಸ ನಡೆಯಿತು. ವಿಧಾನ ಹೀಗೆ: ಮಣ್ಣು ಜರಡಿ ಹಿಡಿದು, ಶೇ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಮೆಷಿನ್‌ನಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರು ಹಾಕಿ ಕ್ಯೂರಿಂಗ್ ಮಾಡೋದು. ಗೂಡಿನಲ್ಲಿ ಸುಡೋದಿಲ್ಲ, ಸೌದೆ ಬೇಕಿಲ್ಲ.

ನಿಮ್ಮ ಮಣ್ಣು ಆಗುತ್ತಾ ಅಂತ ಮೊದಲ ಅಂದಾಜು ಮನೆಯಲ್ಲೇ ಮಾಡಬಹುದು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ನಯವಾದ ಹೂಳು, ಅದರ ಮೇಲೆ ಜೇಡಿ ಕೂರುತ್ತದೆ. ಮರಳು ಮೂರನೇ ಎರಡು ಪಾಲಿನಷ್ಟು, ಜೇಡಿ ಹತ್ತನೇ ಒಂದು ಪಾಲಿನಷ್ಟು ಇದ್ದರೆ ಉತ್ತಮ. ಜೇಡಿ ಜಾಸ್ತಿ ಇದ್ದರೆ ಮರಳು ಅಥವಾ ಕ್ವಾರಿ ಪುಡಿ ಸೇರಿಸಿಕೊಳ್ಳಬೇಕು. ಕಟ್ಟುವ ಮುಂಚೆ ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು.

ಮಣ್ಣು ತೆಗೆಯೋದು ಎಲ್ಲಿಂದ? ಹೇಗೂ ಮಳೆನೀರಿಗೆ ತೊಟ್ಟಿ ಮತ್ತು ಕೃಷಿ ಹೊಂಡ ತೋಡಬೇಕು. ಮೇಲಿನ ಒಂದಡಿ ಫಲವತ್ತಾದ ಮಣ್ಣನ್ನು ಹೊಲಕ್ಕೆ ಹರಡಿ, ಅದರ ಕೆಳಗಿನದನ್ನು ಇಟ್ಟಿಗೆಗೆ ಬಳಸಿದರಾಯಿತು.

ನೀರಿನ ಲೆಕ್ಕವನ್ನೂ ಇಲ್ಲೇ ಮಾಡಿಬಿಡೋಣ. 1,200 ಚದರ ಅಡಿ ಅಂದರೆ ಸುಮಾರು 111 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಮಳೆ ಸುರಿದು, ಅದರಲ್ಲಿ ಶೇ 80ರಷ್ಟು ಹಿಡಿದರೂ 53 ಸಾವಿರ ಲೀಟರ್. ನಾಲ್ಕು ಜನರ ಅಡುಗೆ, ಕುಡಿಯೋಕೆ ದಿನಕ್ಕೆ 40 ಲೀಟರ್ ಹಿಡಿದರೆ ವರ್ಷಕ್ಕೆ 15 ಸಾವಿರ ಲೀಟರ್‌ಗೂ ಕಮ್ಮಿ. ಉಳಿದದ್ದು ಹೊಂಡಕ್ಕೆ. ಬಚ್ಚಲ ನೀರು ಬಾಳೆಗೆ. ಪಕ್ಕದ ತಾತನ ಬೋರ್‌ವೆಲ್ ಜೊತೆ ಪೈಪೋಟಿಗಿಳಿದು ಆಳಕ್ಕೆ ಕೊರೆಸುವ ಅಗತ್ಯ ಬೀಳದಿದ್ದರೆ ಅದಕ್ಕಿಂತ ಒಳ್ಳೆ ನೆರೆಹೊರೆ ಇಲ್ಲ.

ಚಾವಣಿಗೆ ಮಂಗಳೂರು ಹೆಂಚು. ಇದು ಈ ಸೀಮೆಯ ಮೂಲದ್ದಲ್ಲ, 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹಬ್ಬಿದ್ದು. ಅದಕ್ಕೂ ಮುಂಚೆ ಇದ್ದದ್ದು ನಾಡಹೆಂಚು. ಆದರೂ ತಲೆಮಾರುಗಳಿಂದ ಈ ಮಣ್ಣಿಗೆ ಒಗ್ಗಿಹೋಗಿದೆ. ಹೊಸದನ್ನೇ ತರಬೇಕೆಂದೇನೂ ಇಲ್ಲ. ಹಳೆ ಮನೆ ಕೆಡವಿ ಆರ್‌ಸಿಸಿ ಹಾಕಿಸುವವರು ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಹಳೆಯ ಹೆಂಚು, ಕಲ್ಲುಕಂಬ, ಚಪ್ಪಡಿ, ತೊಲೆ, ಬಾಗಿಲು ಸಿಗುತ್ತವೆ. ಹಳೆ ಹೆಂಚಿಗೆ ಪಾಚಿ ಹಿಡಿದು ಬಂದ ಬಣ್ಣ ಯಾವ ಪೇಂಟ್ ಡಬ್ಬಿಯಲ್ಲೂ ಬರೋದಿಲ್ಲ. ಹಳೆ ಚಪ್ಪಡಿ ತಂದರೆ ಇನ್ನೊಂದು ಬೆಟ್ಟಕ್ಕೆ ಡೈನಮೈಟ್ ಇಡೋದೂ ಅಷ್ಟರಮಟ್ಟಿಗೆ ತಪ್ಪುತ್ತದೆ.

ಬೇಲಿ, ಬೆಳಕು, ನಾಯಿ

ಮನೆ ಎಷ್ಟೇ ಚೆನ್ನಾಗಿ ಕಟ್ಟಿದರೂ ಸುತ್ತ ಎಂಟಡಿ ಕಾಂಪೌಂಡ್ ಎಬ್ಬಿಸಿದರೆ ಎಲ್ಲ ವ್ಯರ್ಥ. ಈ ಕಡೆಯ ಹಳೆ ಬೇಲಿ ಅಂದರೆ ಕತ್ತಾಳೆ, ಕಳ್ಳಿ, ಲಕ್ಕಿ, ತಂಗಡಿ, ನಡುವೆ ಒಂದೆರಡು ಹೊಂಗೆ. ದನ ಒಳಗೆ ಬರೋದಿಲ್ಲ, ನವಿಲಿನ ಮರಿಗಳಿಗೆ ದಾರಿ ಇರುತ್ತದೆ. ಜಮೀನಿನ ಒಂದು ಮೂಲೆಯನ್ನು, ಹತ್ತು ಗುಂಟೆಯಾದರೂ, ಕುರುಚಲಾಗಿ ಹಾಗೇ ಬಿಡಿ. ಗೆಳೆಯ ಬಿಟ್ಟಿದ್ದು ಆ ಕಲ್ಲುದಿಣ್ಣೆಯನ್ನೇ. ಲಾನ್ ಹಾಕಬೇಡಿ. ಅದಕ್ಕೆ ಸುರಿಯೋ ನೀರಿನಲ್ಲಿ ಒಂದು ತರಕಾರಿ ತೋಟ ಬೆಳೆಯಬಹುದು.

ಬೆಳಕು ಬೇಕಾದಲ್ಲಿ ಮಾತ್ರ ಇರಲಿ, ಮುಖ ನೆಲದ ಕಡೆ ಇರಲಿ, ಬಣ್ಣ ಹಳದಿ ಇರಲಿ. ರಾತ್ರಿಯಿಡೀ ಉರಿಯುವ ಬಿಳಿ ಫ್ಲಡ್‌ಲೈಟ್ ಮರದ ಮೇಲೆ ಮಲಗಿದ ಹಕ್ಕಿಗೂ ತೊಂದರೆ, ನಿಮಗೂ ನಕ್ಷತ್ರ ಕಾಣೋದಿಲ್ಲ. ನಾಯಿ ಸಾಕಿದರೆ ಬಿಟ್ಟು ಸಾಕಬೇಡಿ. ನೆಲದ ಮೇಲಿನ ಗೂಡಿಗೆ ನಾಯಿಗಿಂತ ದೊಡ್ಡ ಶತ್ರು ಇಲ್ಲ.

ನವಿಲಿಗೆ ಕಾಳು ಎರಚಿ ಫೋಟೊ ತೆಗೆಯೋ ಆಸೆಯನ್ನೂ ಬಿಡಿ. ಅದು 1963ರಿಂದ ನಮ್ಮ ರಾಷ್ಟ್ರಪಕ್ಷಿ, ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲ್‌ನಲ್ಲಿದೆ, ಎಲ್ಲ ನಿಜ. ಆದರೆ ತಾತನಂಥವರಿಗೆ ಅದು ಬಿತ್ತಿದ ಕಾಳು ಕೆದಕುವ, ಮೊಳಕೆ ಕಿತ್ತು ತಿನ್ನುವ ಹಕ್ಕಿ ಕೂಡ ಹೌದು. ಕೈಯಿಂದ ಕಾಳು ತಿಂದು ಅಂಜಿಕೆ ಬಿಟ್ಟ ನವಿಲು ನಾಳೆ ಅವರ ಹೊಲಕ್ಕೇ ನುಗ್ಗುತ್ತದೆ. ವಾರಕ್ಕೆರಡು ದಿನ ಬರುವ ನಮ್ಮ ಸಂತೋಷದ ಖರ್ಚನ್ನು ವರ್ಷಪೂರ್ತಿ ಅಲ್ಲೇ ದುಡಿಯುವವರು ಕಟ್ಟಬಾರದು.

ಕೆಲಸ ಶುರು ಮಾಡುವ ದಿನವೂ ವಿನ್ಯಾಸದ ಭಾಗವೇ. ಗೆಳೆಯನ ಆಸೆ ಮಳೆಗಾಲದ ಮುಂಚೆ ಪಾಯ ತೆಗೆಸಿ, ಮಳೆಯಲ್ಲೇ ಗೋಡೆ ಎಬ್ಬಿಸೋದಾಗಿತ್ತು. ಹಸಿ ಮಣ್ಣಿನ ಇಟ್ಟಿಗೆ ಮಳೆಗೆ ನೆನೆದರೆ ಕರಗುತ್ತದೆ, ಸರಿಯಾಗಿ ಹದವಾಗುವುದಿಲ್ಲ ಅಂತ ಮೇಸ್ತ್ರಿ ಒಪ್ಪಲಿಲ್ಲ. ನವಿಲು ಪೊದೆಯಲ್ಲಿ ಕಾವು ಕೂರುವುದೂ ಅದೇ ತಿಂಗಳುಗಳಲ್ಲಿ. ಹೀಗಾಗಿ ಗುದ್ದಲಿ ಪೂಜೆ ದೀಪಾವಳಿ ಕಳೆದ ಮೇಲೆ ಅಂತ ತೀರ್ಮಾನವಾಗಿದೆ. ಅಷ್ಟರಲ್ಲಿ ಮರಿಗಳು ತಾಯಿಯ ಹಿಂದೆ ಓಡಾಡುತ್ತಿರುತ್ತವೆ, ರಾಗಿ ಕೊಯ್ಲಿಗೆ ಬಂದಿರುತ್ತದೆ. ಕೊಯ್ಲು ಮುಗಿಯೋವರೆಗೆ ಇಟ್ಟಿಗೆ ಲಾರಿ, ಜಲ್ಲಿ ಲಾರಿ ಯಾವುದೂ ತಾತನ ಹೊಲದ ಬದು ದಾಟೋದು ಬೇಡ ಅಂತಲೂ ಮಾತಾಗಿದೆ.